ಪರೀಕ್ಷೆಯಲ್ಲಿ ತೇರ್ಗಡೆಯಾದ ಪುಟ, ಓದಿಗೆ ಒದಗದ ಕನ್ನಡ

ಕೆಲವು ವಾರಗಳ ಹಿಂದೆ ನಮ್ಮ ಓದುಗರಾದ ತಾಯಿಯೊಬ್ಬರು ಕರೆ ಮಾಡಿದ್ದರು. ಅವರ ಮಗ ಕನ್ನಡ ಮಾಧ್ಯಮದ ಪ್ರೌಢಶಾಲೆಯ ವಿದ್ಯಾರ್ಥಿ. ದೃಷ್ಟಿ ಬಹುಮಟ್ಟಿಗೆ ಕುಂದಿರುವುದರಿಂದ, ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶದ, ಅಂದರೆ ಸ್ಕ್ರೀನ್ ರೀಡರಿನ, ನೆರವಿನಿಂದ ಅವನು ಕಂಪ್ಯೂಟರ್ ಬಳಸುತ್ತಾನೆ. “ನಿಮ್ಮ ತಾಣದಲ್ಲಿ ಮೇಲಿರುವ ಇಂಗ್ಲಿಷ್ ಶಬ್ದಗಳನ್ನೆಲ್ಲ ಅದು ಸರಿಯಾಗಿ ಓದುತ್ತದೆ. ಕನ್ನಡ ಸುದ್ದಿ ಬಂದ ಕೂಡಲೇ ಏನೇನೋ ತೊದಲುತ್ತದೆ” ಎಂಬುದು ಅವರ ದೂರು.

ನಾವು ಆ ಪುಟವನ್ನು ಸ್ವಯಂಚಾಲಿತ ಪರೀಕ್ಷೆಗೆ ಒಡ್ಡಿದೆವು. ಫಲಿತಾಂಶ ಚೆನ್ನಾಗಿಯೇ ಬಂತು. ಭಾಷೆಗೆ ಸಂಬಂಧಿಸಿದ ಅಂಶದಲ್ಲಿಯೂ ಪುಟ ತೇರ್ಗಡೆಯಾಗಿತ್ತು. ಪುಟದ ಒಳಗಿನ ಸಂಕೇತಗಳನ್ನು ತೆರೆದು ನೋಡಿದಾಗಲೇ ತಪ್ಪು ಸಿಕ್ಕಿದ್ದು. ಈ ಪುಟದ ಭಾಷೆ ಯಾವುದೆಂದು ಯಂತ್ರಕ್ಕೆ ತಿಳಿಸುವ ಜಾಗದಲ್ಲಿ ಇಂಗ್ಲಿಷಿನ ಸಂಕೇತವಾದ ‘ಇ-ಎನ್’ ಇತ್ತು. ಸಿದ್ಧ ವಿನ್ಯಾಸವೊಂದನ್ನು ತಂದು ತಾಣ ಕಟ್ಟಿದ ದಿನದಿಂದಲೂ ಅದು ಹಾಗೆಯೇ ಉಳಿದಿತ್ತು. ಅದನ್ನು ಕನ್ನಡದ ಸಂಕೇತವಾದ ‘ಕೆ-ಎನ್’ ಎಂದು ತಿದ್ದಿದ ಮೇಲೆ ಆ ಹುಡುಗನ ಕಂಪ್ಯೂಟರ್ ನಮ್ಮ ಸುದ್ದಿಯನ್ನು ಕನ್ನಡದ ಧ್ವನಿಯಲ್ಲಿ ಓದಿತು.

ತಪ್ಪು ನಮ್ಮದೇ. ಅದನ್ನು ಮುಚ್ಚಿಡದೆ ಇಲ್ಲಿ ಹೇಳುತ್ತಿರುವುದಕ್ಕೆ ಕಾರಣವಿದೆ. ದೇಶದ ಸರ್ಕಾರಿ ಮತ್ತು ಸಾರ್ವಜನಿಕ ಜಾಲತಾಣಗಳೆಲ್ಲ ಸುಗಮ್ಯತೆಯ ಪರೀಕ್ಷೆಗೆ ಒಳಪಡಬೇಕಾದ ಕಾಲ ಈಗ ಬಂದಿದೆ. ಆ ಪರೀಕ್ಷೆಯ ಬಹುಪಾಲನ್ನು ಯಂತ್ರಗಳೇ ಮಾಡಲಿವೆ. ಗಡಿನಾಡಿನ ಕನ್ನಡ ಪುಟಗಳು ಆ ಪರೀಕ್ಷೆಯಲ್ಲಿ ತೇರ್ಗಡೆಯಾಗಿಯೂ ಓದಲಾಗದೆ ಉಳಿಯುವ ಅಪಾಯ ನಮ್ಮ ಮುಂದಿದೆ.

ಈಗೇಕೆ ಈ ಮಾತು

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016ರ 42ನೆಯ ಪ್ರಕರಣವು ವಿದ್ಯುನ್ಮಾನ ಮಾಧ್ಯಮದ ವಿಷಯಗಳೆಲ್ಲ ಅಂಗವಿಕಲರಿಗೂ ಎಟಕುವ ರೂಪದಲ್ಲಿರುವಂತೆ ನೋಡಿಕೊಳ್ಳುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ. ಅದರ ಅಡಿಯಲ್ಲಿ 2017ರಲ್ಲಿ ಬಂದ ನಿಯಮಗಳ ಪೈಕಿ 15ನೆಯದು ಪಾಲಿಸಬೇಕಾದ ಮಾನದಂಡಗಳನ್ನು ಹೆಸರಿಸಿತ್ತು. ಆದರೆ ಆ ಮಾನದಂಡಗಳ ಭಾಷೆ ಬಹುಮಟ್ಟಿಗೆ ಸಲಹೆಯ ಧಾಟಿಯಲ್ಲಿತ್ತು. ರಾಜೀವ್ ರತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯವು, ಕಾನೂನು ಕಡ್ಡಾಯವೆಂದದ್ದನ್ನು ನಿಯಮವು ಐಚ್ಛಿಕಗೊಳಿಸಲಾಗದು ಎಂಬ ಕಾರಣದಿಂದ 15ನೆಯ ನಿಯಮವು ಮೂಲ ಅಧಿನಿಯಮಕ್ಕೆ ವಿರುದ್ಧವೆಂದು ಹೇಳಿತು. ಮೂರು ತಿಂಗಳೊಳಗೆ ಕಡ್ಡಾಯ ನಿಯಮಗಳನ್ನು ರೂಪಿಸಬೇಕೆಂದು ಕೇಂದ್ರ ಸರ್ಕಾರಕ್ಕೆ ನಿರ್ದೇಶನ ನೀಡಿತು.

ಇನ್ನೊಂದು ತೀರ್ಪು 2025ರ ಏಪ್ರಿಲ್ 30ರದು. ಬ್ಯಾಂಕು ಮುಂತಾದೆಡೆ ಅಂತರಜಾಲದ ಮೂಲಕ ಗುರುತು ಖಚಿತಪಡಿಸುವ ಕ್ರಮವು ಆಮ್ಲದಾಳಿಗೆ ಗುರಿಯಾದವರನ್ನೂ ಅಂಧರನ್ನೂ ಹೊರಗಿಡುತ್ತಿದೆ ಎಂಬ ದೂರಿನ ವಿಚಾರಣೆ ಅದು. ಕಣ್ಣು ಮಿಟುಕಿಸಿ ತೋರಿಸೆಂದು ಕೇಳುವ ಯಂತ್ರದ ಮುಂದೆ, ಕಣ್ಣು ಮಿಟುಕಿಸಲಾಗದವರು ಏನು ಮಾಡಬೇಕು? ಪ್ರಜ್ಞಾ ಪ್ರಸೂನ್ ಪ್ರಕರಣವೆಂದು ಹೆಸರಾದ ಇದರಲ್ಲಿ ನ್ಯಾಯಾಲಯವು ಡಿಜಿಟಲ್ ಸೇವೆಗಳ ಲಭ್ಯತೆಯನ್ನು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಪರಿಗಣಿಸಿ 20 ನಿರ್ದೇಶನಗಳನ್ನು ನೀಡಿತು. ನಿಯತಕಾಲಿಕವಾಗಿ ಸುಗಮ್ಯತೆಯ ತಪಾಸಣೆ ನಡೆಸಬೇಕೆಂಬುದು ಅವುಗಳಲ್ಲಿ ಸೇರಿದೆ. ನಮಗೆ ಮುಖ್ಯವಾದ ಇನ್ನೊಂದು ಅಂಶವೂ ಈ ತೀರ್ಪಿನಲ್ಲಿದೆ. ಡಿಜಿಟಲ್ ಅಂತರದಿಂದ ಹೊರಗುಳಿಯುವವರ ಪಟ್ಟಿಯಲ್ಲಿ ಅಂಗವಿಕಲರು, ಗ್ರಾಮೀಣರು, ವೃದ್ಧರು, ಬಡವರ ಜೊತೆಗೆ ಭಾಷಾ ಅಲ್ಪಸಂಖ್ಯಾತರನ್ನೂ ನ್ಯಾಯಾಲಯ ಹೆಸರಿಸಿದೆ. ಕನ್ನಡ ಮಾಧ್ಯಮದಲ್ಲಿ ಕಲಿಯುವ, ದೃಷ್ಟಿ ಕುಂದಿದ, ಗಡಿಯಾಚೆಯ ಹಳ್ಳಿಯ ಮಗುವೊಂದು ಈ ಪಟ್ಟಿಯಲ್ಲಿ ಎಷ್ಟು ಬಾರಿ ಬರುತ್ತದೆಂದು ಎಣಿಸಿ ನೋಡಬಹುದು.

ಮಾನದಂಡಗಳಿಗೆ ಕೊರತೆಯಿಲ್ಲ. ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ಡಬ್ಲ್ಯುಸಿಎಜಿ ಮಾರ್ಗಸೂಚಿ ಇದೆ; ಅದರ 2.2ನೆಯ ಆವೃತ್ತಿ 2023ರ ಅಕ್ಟೋಬರಿನಲ್ಲಿ ಹೊರಬಂತು. ಭಾರತೀಯ ಮಾನಕ ಬ್ಯೂರೋದ ಐಎಸ್ 17802 ಇದೆ. ಸರ್ಕಾರಿ ತಾಣಗಳಿಗಾಗಿ 2009ರಲ್ಲಿ ಮೊದಲು ಬಂದು 2023ರಲ್ಲಿ ಮೂರನೆಯ ಆವೃತ್ತಿಯಾಗಿ ಪರಿಷ್ಕೃತವಾದ ಮಾರ್ಗಸೂಚಿ ಇದೆ. ಇವನ್ನೆಲ್ಲ ಸಾವಿರಾರು ಪುಟಗಳಿಗೆ ಅನ್ವಯಿಸಿ ನೋಡುವುದು ಮನುಷ್ಯರಿಂದ ಮಾತ್ರ ಆಗುವ ಕೆಲಸವಲ್ಲ. ಆದ್ದರಿಂದ ಯಂತ್ರದ ನೆರವು ಅನಿವಾರ್ಯ.

ಯಂತ್ರ ಪರೀಕ್ಷಿಸುವ ಬಗೆ

ಜಾಲಪುಟವೊಂದು ನಮಗೆ ಕಾಣುವಂತೆ ಯಂತ್ರಕ್ಕೆ ಕಾಣುವುದಿಲ್ಲ. ಇದು ಶೀರ್ಷಿಕೆ, ಇದು ಚಿತ್ರ, ಇದು ಹೆಸರು ತುಂಬಬೇಕಾದ ಚೌಕ, ಇದು ಒತ್ತಬೇಕಾದ ಗುಂಡಿ ಎಂದು ಸಂಕೇತಗಳಲ್ಲಿ ಬರೆದಿಟ್ಟದ್ದನ್ನು ಅದು ಓದುತ್ತದೆ. ಸ್ಕ್ರೀನ್ ರೀಡರ್ ಓದುವುದೂ ಈ ಸಂಕೇತಗಳನ್ನೇ. ಪರೀಕ್ಷಾ ತಂತ್ರಾಂಶವು ಇದೇ ಸಂಕೇತಗಳನ್ನು ಸಾಲುಸಾಲಾಗಿ ಹಾದು, ಚಿತ್ರಕ್ಕೆ ವಿವರಣೆ ಬರೆದಿದೆಯೇ, ಚೌಕಕ್ಕೆ ಹೆಸರಿದೆಯೇ, ಅಕ್ಷರದ ಬಣ್ಣಕ್ಕೂ ಹಿನ್ನೆಲೆಯ ಬಣ್ಣಕ್ಕೂ ಕನಿಷ್ಠ 4.5ಕ್ಕೆ 1ರ ಅಂತರವಿದೆಯೇ, ಪುಟದ ಭಾಷೆಯನ್ನು ನಮೂದಿಸಿದೆಯೇ ಎಂದು ನೋಡುತ್ತದೆ.

ಇದನ್ನು ಅಳವಡಿಸಿಕೊಳ್ಳುವುದು ದುಬಾರಿಯೂ ಅಲ್ಲ, ಕಠಿಣವೂ ಅಲ್ಲ. ಮೊದಲ ಹಂತ ಒಂದೊಂದೇ ಪುಟದ ಪರೀಕ್ಷೆ. ಕ್ರೋಮ್ ಬ್ರೌಸರಿನೊಳಗೆ ಲೈಟ್‌ಹೌಸ್ ಎಂಬ ಉಪಕರಣ ಸಿದ್ಧವಾಗಿಯೇ ಇದೆ. ವೇವ್ ಮತ್ತು ಆ್ಯಕ್ಸ್ ಎಂಬವನ್ನು ಉಚಿತವಾಗಿ ಸೇರಿಸಿಕೊಳ್ಳಬಹುದು. ಎರಡನೆಯ ಹಂತ ಬದಲಾವಣೆಯ ವೇಳೆಯ ಪರೀಕ್ಷೆ. ತಾಣದ ವಿನ್ಯಾಸದಲ್ಲಿ ಏನನ್ನಾದರೂ ತಿದ್ದಿದಾಗ ಅದು ಸಾರ್ವಜನಿಕರಿಗೆ ಕಾಣುವ ಮೊದಲೇ ಆ್ಯಕ್ಸ್ ಅಥವಾ ಪ್ಯಾಲಿಯಂತಹ ಮುಕ್ತ ತಂತ್ರಾಂಶವು ತಾನಾಗಿಯೇ ಪರೀಕ್ಷಿಸುತ್ತದೆ. ಹೊಸ ದೋಷ ಕಂಡರೆ ಆ ತಿದ್ದುಪಡಿಯನ್ನು ಅಲ್ಲೇ ತಡೆಯುತ್ತದೆ. ಮೂರನೆಯ ಹಂತದಲ್ಲಿ ವಾರಕ್ಕೋ ತಿಂಗಳಿಗೋ ಒಮ್ಮೆ ತಾಣದ ಪುಟಗಳ ಪಟ್ಟಿಯನ್ನೇ ಯಂತ್ರದ ಕೈಗಿತ್ತು ಎಲ್ಲವನ್ನೂ ಹಾಯಿಸಿ ವರದಿ ಪಡೆಯುವುದು. ಹಳೆಯ ತಾಣದಲ್ಲಿ ಮೊದಲ ದಿನವೇ ನೂರಾರು ದೋಷಗಳು ಹೊರಬೀಳುವುದು ಸಹಜ. ಆ ಸಂಖ್ಯೆ ಇನ್ನು ಮುಂದೆ ಏರಬಾರದು ಎಂಬ ಗೆರೆಯನ್ನು ಮೊದಲು ಎಳೆದುಕೊಂಡು, ಬಳಿಕ ಒಂದೊಂದನ್ನೇ ತಿದ್ದುತ್ತ ಬರುವುದು ಅನುಭವಿಗಳ ಕ್ರಮ.

ಇಂತಹ ಪರೀಕ್ಷೆಯಿಂದ ಲಾಭವಿದೆ ಎಂಬುದರಲ್ಲಿ ಸಂಶಯವಿಲ್ಲ. ಅಮೆರಿಕದ ಯೂಟಾ ರಾಜ್ಯ ವಿಶ್ವವಿದ್ಯಾಲಯದ ವೆಬ್‌ಏಮ್ ಸಂಸ್ಥೆಯು ಪ್ರತಿವರ್ಷ ಹತ್ತು ಲಕ್ಷ ತಾಣಗಳ ಮುಖಪುಟಗಳನ್ನು ಯಂತ್ರದಿಂದಲೇ ಪರೀಕ್ಷಿಸುತ್ತದೆ. 2025ರಲ್ಲಿ ಶೇಕಡ 94.8ರಷ್ಟು ಪುಟಗಳಲ್ಲಿ ದೋಷ ಕಂಡುಬಂತು. ಮಸುಕಾದ ಅಕ್ಷರ, ವಿವರಣೆಯಿಲ್ಲದ ಚಿತ್ರ, ಹೆಸರಿಲ್ಲದ ಚೌಕ, ಬರಿದಾದ ಕೊಂಡಿ, ಹೆಸರಿಲ್ಲದ ಗುಂಡಿ, ಭಾಷೆಯ ನಮೂದು ಇಲ್ಲದಿರುವುದು, ಈ ಆರು ಬಗೆಯ ದೋಷಗಳೇ ವರ್ಷ ವರ್ಷವೂ ಅತಿ ಹೆಚ್ಚು. ಇವೆಲ್ಲ ಯಂತ್ರ ಸುಲಭವಾಗಿ ಹಿಡಿಯಬಲ್ಲ, ಮನುಷ್ಯ ಸುಲಭವಾಗಿ ತಿದ್ದಬಲ್ಲ ದೋಷಗಳು.

ಜರಡಿಯಲ್ಲಿ ಜಾರುವುದು

ಆದರೆ ಯಂತ್ರದ ಪರೀಕ್ಷೆ ಜರಡಿಯಂತೆ. ಕಣ್ಣಿಗಿಂತ ದಪ್ಪನೆಯ ಕಲ್ಲು ಉಳಿಯುತ್ತದೆ, ಸಣ್ಣದು ಅಕ್ಕಿಯೊಂದಿಗೆ ಜಾರಿಹೋಗುತ್ತದೆ. ಬ್ರಿಟನ್ ಸರ್ಕಾರದ ಡಿಜಿಟಲ್ ಸೇವಾ ವಿಭಾಗವು 2017ರಲ್ಲಿ ಬೇಕೆಂದೇ 140ಕ್ಕೂ ಹೆಚ್ಚು ದೋಷಗಳನ್ನು ತುಂಬಿದ ಪುಟವೊಂದನ್ನು ರಚಿಸಿ, ಹಲವು ಉಪಕರಣಗಳಿಂದ ಪರೀಕ್ಷಿಸಿತು. ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ ಉಪಕರಣ ಹಿಡಿದದ್ದು ಸುಮಾರು ಶೇಕಡ 40 ದೋಷಗಳನ್ನು ಮಾತ್ರ. ಎರಡು ವರ್ಷಗಳ ಬಳಿಕ ಆಸ್ಟ್ರಿಯದ ತಂತ್ರಜ್ಞ ಮಾನುಯೆಲ್ ಮಾತುಝೋವಿಚ್ ಯಾರೂ ಬಳಸಲಾಗದ ಪುಟವೊಂದನ್ನು ಕಟ್ಟಿ, ಅದಕ್ಕೆ ಲೈಟ್‌ಹೌಸಿನಲ್ಲಿ 100ಕ್ಕೆ 100 ಅಂಕ ಬರುವಂತೆ ಮಾಡಿ ತೋರಿಸಿದರು.

ಚಿತ್ರಕ್ಕೆ ವಿವರಣೆ ಇದೆಯೇ ಎಂಬುದು ಯಂತ್ರಕ್ಕೆ ಗೊತ್ತಾಗುತ್ತದೆ. ಆ ವಿವರಣೆ ಚಿತ್ರಕ್ಕೆ ಹೊಂದುತ್ತದೆಯೇ ಎಂಬುದು ಗೊತ್ತಾಗುವುದಿಲ್ಲ. ಎಲ್ಲ ಭಾಷೆಗಳಿಗೂ ಇರುವ ಈ ಮಿತಿಯ ಮೇಲೆ ಕನ್ನಡಕ್ಕೆ ಇನ್ನೂ ಕೆಲವು ತೊಡಕುಗಳು ಕೂಡಿಕೊಳ್ಳುತ್ತವೆ.

ಮೊದಲನೆಯದು ನಮ್ಮ ತಾಣದಲ್ಲೇ ಆದದ್ದು. ಪುಟದ ಭಾಷೆ ನಮೂದಾಗಿರಬೇಕೆಂಬುದು ಡಬ್ಲ್ಯುಸಿಎಜಿಯ ಅತ್ಯಂತ ಕೆಳಗಿನ, ಅಂದರೆ ಕಡ್ಡಾಯವಾಗಿ ಮುಟ್ಟಲೇಬೇಕಾದ ಹಂತದ ಮಾತು. ಮಾರ್ಗಸೂಚಿಯ ಉದ್ದೇಶ ಸರಿಯಾದ ಭಾಷೆಯ ನಮೂದು. ಯಂತ್ರ ನೋಡುವುದಾದರೋ ನಮೂದು ಇದೆಯೇ, ಅದು ಲೋಕದಲ್ಲಿರುವ ಯಾವುದಾದರೂ ಭಾಷೆಯ ಸಂಕೇತವೇ ಎಂಬಷ್ಟನ್ನೇ. ಕನ್ನಡ ಪುಟಕ್ಕೆ ‘ಇ-ಎನ್’ ಎಂದಿದ್ದರೂ ತೇರ್ಗಡೆ. ಕನ್ನಡವೆಂದರೆ ‘ಕೆ-ಎ’ ಇರಬೇಕೆಂದು ಊಹಿಸಿ ಬರೆದವರೂ ತೇರ್ಗಡೆ, ಏಕೆಂದರೆ ಅದು ಜಾರ್ಜಿಯನ್ ಭಾಷೆಯ ಸಂಕೇತ! ರಾಜ್ಯಭಾಷೆಯ ವಿನ್ಯಾಸವನ್ನು ತಂದು ಒಳಗಿನ ಬರಹವನ್ನಷ್ಟೇ ಕನ್ನಡಕ್ಕೆ ಬದಲಿಸಿದ ಪುಟಗಳಲ್ಲಿ ಮಲಯಾಳದ ‘ಎಂ-ಎಲ್’, ಮರಾಠಿಯ ‘ಎಂ-ಆರ್’, ತೆಲುಗಿನ ‘ಟಿ-ಇ’, ತಮಿಳಿನ ‘ಟಿ-ಎ’ ಉಳಿದುಹೋದರೂ ಯಂತ್ರ ತಕರಾರು ಎತ್ತುವುದಿಲ್ಲ.

ಎರಡನೆಯದು ಹಳೆಯ ಅಕ್ಷರವಿನ್ಯಾಸಗಳ ತೊಡಕು. ಯೂನಿಕೋಡ್ ಬಳಕೆಗೆ ಬರುವ ಮೊದಲಿನ ನುಡಿ, ಬರಹ ಮುಂತಾದ ತಂತ್ರಾಂಶಗಳ ಫಾಂಟುಗಳಲ್ಲಿ ಕನ್ನಡ ಕಣ್ಣಿಗೆ ಕಾಣುತ್ತದೆಯೇ ಹೊರತು ಒಳಗೆ ಶೇಖರವಾಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ಸ್ಕ್ರೀನ್ ರೀಡರ್ ಓದುವುದು ಆ ಅರ್ಥವಿಲ್ಲದ ಸಾಲನ್ನೇ. ಯಂತ್ರದ ಪರೀಕ್ಷೆಗೆ ಅಲ್ಲೊಂದು ಬರಹವಿರುವುದು ಕಾಣುತ್ತದೆ. ಅದು ಬರಹವೇ ಅಲ್ಲವೆಂಬುದು ಕಾಣುವುದಿಲ್ಲ.

ಮೂರನೆಯದು ನಮ್ಮ ಮಕ್ಕಳ ಪಾಲಿಗೆ ಎಲ್ಲಕ್ಕಿಂತ ದೊಡ್ಡದು. ಕನ್ನಡದ ಸುತ್ತೋಲೆ, ವೇಳಾಪಟ್ಟಿ, ವಿದ್ಯಾರ್ಥಿವೇತನದ ಸೂಚನೆಗಳು ಬಹಳ ಸಲ ಪುಟದ ರೂಪದಲ್ಲಿ ಇರುವುದೇ ಇಲ್ಲ. ಕಾಗದದ ಮೇಲೆ ಮುದ್ರಿಸಿ, ಸಹಿ ಹಾಕಿ, ಸ್ಕ್ಯಾನ್ ಮಾಡಿದ ಪಿಡಿಎಫ್ ಆಗಿಯೋ ಫೋಟೊ ಆಗಿಯೋ ಅವು ನಮ್ಮ ಕೈ ಸೇರುತ್ತವೆ. ಜಾಲಪುಟಗಳನ್ನು ಸುತ್ತುವ ಸಾಮಾನ್ಯ ಪರೀಕ್ಷೆ ಆ ಪಿಡಿಎಫಿನ ಬಾಗಿಲವರೆಗೆ ಬಂದು ಹಿಂತಿರುಗುತ್ತದೆ. ಕೊಂಡಿಗೆ ಹೆಸರಿದ್ದರೆ ಸಾಕು, ಪುಟ ತೇರ್ಗಡೆ. ಒಳಗಿನ ಕನ್ನಡವನ್ನು ಯಾರೂ ಪರೀಕ್ಷಿಸುವುದಿಲ್ಲ. ಸ್ಕ್ರೀನ್ ರೀಡರಿಗೆ ಅದು ಬರಿಯ ಚಿತ್ರ.

ಎರಡನೆಯ ಪುಟದ ಭಾಷೆ

ಕರ್ನಾಟಕದ ಒಳಗೆ ಕನ್ನಡ ಆಡಳಿತ ಭಾಷೆ. ಗಡಿಯಾಚೆ ಅದು ಎರಡನೆಯ ಅಥವಾ ಮೂರನೆಯ ಪುಟದ ಭಾಷೆ. ಕಾಸರಗೋಡಿನಲ್ಲಿ ಮಲಯಾಳ ಮತ್ತು ಇಂಗ್ಲಿಷಿನ ನಂತರ, ಸೊಲ್ಲಾಪುರ, ಜತ್ತ, ಅಕ್ಕಲಕೋಟೆಗಳಲ್ಲಿ ಮರಾಠಿಯ ನಂತರ, ಆದವಾನಿ, ಮಡಕಶಿರಗಳಲ್ಲಿ ತೆಲುಗಿನ ನಂತರ, ತಾಳವಾಡಿ, ಹೊಸೂರುಗಳಲ್ಲಿ ತಮಿಳಿನ ನಂತರ ಅದರ ಸರದಿ. ಯಂತ್ರಕ್ಕೆ ಒಪ್ಪಿಸುವ ಪಟ್ಟಿ ಮುಖಪುಟದಿಂದ ಆರಂಭವಾಗುತ್ತದೆ. ಕಾಲವೂ ಹಣವೂ ಕಡಿಮೆಯಿದ್ದರೆ ಅದು ಮೊದಲ ಭಾಷೆಯ ಪುಟಗಳಲ್ಲಿಯೇ ಮುಗಿಯುತ್ತದೆ. ಅನಂತರ ಇಡೀ ತಾಣಕ್ಕೆ ಒಂದೇ ಅಂಕ, ಒಂದೇ ಪ್ರಮಾಣಪತ್ರ. ಕನ್ನಡದ ಪುಟವನ್ನು ತೆರೆದೇ ನೋಡದೆ ಅದನ್ನೂ ಸುಗಮ್ಯವೆಂದು ಸಾರಿದಂತಾಗುತ್ತದೆ. ಇದರಲ್ಲಿ ಯಾರ ದುರುದ್ದೇಶವೂ ಇರಬೇಕಿಲ್ಲ. ಪಟ್ಟಿ ಮಾಡಿದವರಿಗೆ ಕನ್ನಡ ನೆನಪಾಗದಿದ್ದರೆ ಸಾಕು.

ಇದು ಬರಿಯ ತಾಂತ್ರಿಕ ವಿಷಯವಲ್ಲ ಎನ್ನಲು ಕಾನೂನಿನ ಆಧಾರವೂ ಇದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. 350ಬಿ ವಿಧಿಯ ಪ್ರಕಾರ ಭಾಷಾ ಅಲ್ಪಸಂಖ್ಯಾತರಿಗಾಗಿಯೇ ವಿಶೇಷ ಅಧಿಕಾರಿಯೊಬ್ಬರು ಇರುತ್ತಾರೆ. ಕೇರಳದ 1969ರ ರಾಜ್ಯಭಾಷಾ ಶಾಸನವು ಅಲ್ಲಿನ ಕನ್ನಡಿಗರು ಸರ್ಕಾರದೊಡನೆ ಕನ್ನಡದಲ್ಲಿಯೇ ವ್ಯವಹರಿಸಲು ಅವಕಾಶ ನೀಡಿದೆ. ಕೇರಳವೂ ಮಹಾರಾಷ್ಟ್ರವೂ ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳನ್ನು ತಾವೇ ಹೊರತರುತ್ತಿವೆ. ಹಕ್ಕು ಕಾಗದದ ಮೇಲೆ ಇರುವಾಗ, ಆ ಕಾಗದ ಪರದೆಗೆ ಏರಿದೊಡನೆ ಅದು ಮೊಟಕಾಗಬಾರದು.

ಕೇಳಬೇಕಾದದ್ದು, ಮಾಡಬೇಕಾದದ್ದು

ಶಾಲಾ ರಕ್ಷಕ ಶಿಕ್ಷಕ ಸಂಘಗಳೂ ಕನ್ನಡ ಸಂಘಟನೆಗಳೂ ಇಲಾಖೆಗಳ ಮುಂದೆ ಇಡಬಹುದಾದ ಬೇಡಿಕೆಗಳು ನಾಲ್ಕು. ಸುಗಮ್ಯತೆಯ ತಪಾಸಣೆಯ ಪಟ್ಟಿಯಲ್ಲಿ ಕನ್ನಡ ಪುಟಗಳು ಪ್ರತ್ಯೇಕವಾಗಿ ಸೇರಿರಬೇಕು, ಅವುಗಳ ಫಲಿತಾಂಶವೂ ಪ್ರತ್ಯೇಕವಾಗಿ ಪ್ರಕಟವಾಗಬೇಕು. ಕನ್ನಡದ ಸೂಚನೆಗಳು ಯೂನಿಕೋಡ್ ಬರಹವಾಗಿ ಪುಟದಲ್ಲೇ ಇರಬೇಕು. ಸಹಿಯಿರುವ ಪ್ರತಿ ಬೇಕಿದ್ದರೆ ಅದು ಜೊತೆಗಿರಲಿ. ಪ್ರಮಾಣಪತ್ರ ನೀಡುವ ಮೊದಲು ಕನ್ನಡ ಬಲ್ಲ, ಸ್ಕ್ರೀನ್ ರೀಡರ್ ಬಳಸುವ ವ್ಯಕ್ತಿಯೊಬ್ಬರು ಆ ಪುಟವನ್ನು ಬಳಸಿ ನೋಡಬೇಕು. ನಾಲ್ಕನೆಯದಾಗಿ, ಯಂತ್ರಕ್ಕೆ ಕನ್ನಡದ ನಿಯಮವೊಂದನ್ನು ಕಲಿಸಬೇಕು.

ಈ ಕೊನೆಯದು ಕಷ್ಟದ ಕೆಲಸವಲ್ಲ. ಆ್ಯಕ್ಸ್ ತಂತ್ರಾಂಶಕ್ಕೆ ನಮ್ಮದೇ ನಿಯಮಗಳನ್ನು ಸೇರಿಸಲು ಅವಕಾಶವಿದೆ. ಯೂನಿಕೋಡಿನಲ್ಲಿ ಕನ್ನಡ ಲಿಪಿಗೆ ಮೀಸಲಾದ ಒಂದು ನಿರ್ದಿಷ್ಟ ವಿಭಾಗವಿದೆ. ಪುಟದ ಅಕ್ಷರಗಳಲ್ಲಿ ಹೆಚ್ಚಿನವು ಆ ವಿಭಾಗಕ್ಕೆ ಸೇರಿದ್ದೂ ಭಾಷೆಯ ನಮೂದು ‘ಕೆ-ಎನ್’ ಅಲ್ಲದಿದ್ದರೆ ಎಚ್ಚರಿಸು ಎಂಬ ನಿಯಮ ಸಾಕು. ಎಚ್ಚರಿಸು ಎಂದೇ ಹೇಳಬೇಕು, ತಪ್ಪೆಂದು ತೀರ್ಮಾನಿಸು ಎನ್ನಬಾರದು. ಕಾಸರಗೋಡಿನಲ್ಲಿ ತುಳುವೂ ಕೊಂಕಣಿಯೂ ಕನ್ನಡ ಲಿಪಿಯಲ್ಲಿಯೇ ಬರೆಯಲ್ಪಡುತ್ತವೆ. ತುಳುವಿಗೆ ‘ಟಿ-ಸಿ-ವೈ’, ಕೊಂಕಣಿಗೆ ‘ಕೆ-ಒ-ಕೆ’ ಎಂಬ ಅವುಗಳದೇ ಸಂಕೇತಗಳಿವೆ. ಯಂತ್ರ ಅನುಮಾನ ತೋರಲಿ, ಊರಿನ ಭಾಷೆ ಬಲ್ಲವರು ನೋಡಿ ನಿರ್ಧರಿಸಲಿ. ಕನ್ನಡ ಪುಟದ ನಡುವೆ ಮಲಯಾಳದ ಅಥವಾ ಮರಾಠಿಯ ಆದೇಶದ ಸಾಲು ಬಂದರೆ ಆ ಭಾಗಕ್ಕೆ ಅದರದೇ ಭಾಷೆಯ ಗುರುತು ಹಾಕಬೇಕೆಂದೂ ಮಾರ್ಗಸೂಚಿ ಹೇಳುತ್ತದೆ. ಬಹುಭಾಷೆಯ ನಮ್ಮ ಜಿಲ್ಲೆಗಳಿಗೆ ಇದು ಹೇಳಿಮಾಡಿಸಿದಂತಿದೆ.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳೂ ಇವೆ. ಶಾಲೆಯ ಅಥವಾ ಇಲಾಖೆಯ ಕನ್ನಡ ಪುಟವನ್ನು ಮೊಬೈಲಿನಲ್ಲಿ ತೆರೆದು ಒಂದು ಸಾಲಿನ ಮೇಲೆ ಬೆರಳು ಒತ್ತಿ ಹಿಡಿಯಿರಿ. ಪದ ಆಯ್ಕೆಯಾಗದಿದ್ದರೆ ಬಹುಮಟ್ಟಿಗೆ ಅದು ಚಿತ್ರ. ಆಯ್ಕೆಯಾದರೆ ನಕಲಿಸಿ ವಾಟ್ಸ್ಆ್ಯಪಿನ ಸಂದೇಶದಲ್ಲಿ ಅಂಟಿಸಿ. ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಗೊಂದಲ ಮೂಡಿದರೆ ಅದು ಹಳೆಯ ಫಾಂಟು. ಆಂಡ್ರಾಯ್ಡ್ ಫೋನುಗಳಲ್ಲಿ ಟಾಕ್‌ಬ್ಯಾಕ್ ಇದೆ. ಅದನ್ನು ಆನ್ ಮಾಡುವ ಮೊದಲು ಆಫ್ ಮಾಡುವ ಬಗೆಯನ್ನು ತಿಳಿದುಕೊಂಡಿರಿ, ಏಕೆಂದರೆ ಆಮೇಲೆ ಬೆರಳಾಡಿಸುವ ರೀತಿಯೇ ಬೇರೆ. ಕಂಪ್ಯೂಟರ್ ಇದ್ದವರಿಗೆ ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ ಇದೆ. ಅದರೊಂದಿಗೆ ಬರುವ ಇ-ಸ್ಪೀಕ್ ಧ್ವನಿಗೆ ಕನ್ನಡವೂ ಗೊತ್ತು. ಮೌಸನ್ನು ಬದಿಗಿಟ್ಟು, ಕೀಲಿಮಣೆಯ ಟ್ಯಾಬ್ ಕೀಲಿಯೊಂದರಿಂದಲೇ ಅರ್ಜಿಯ ಕೊನೆಯವರೆಗೆ ಹೋಗಲು ಸಾಧ್ಯವೇ ಎಂದೂ ನೋಡಿ.

ಕೇರಳದ ಪ್ರೌಢಶಾಲೆಗಳಲ್ಲಿ 2018ರಿಂದ ಲಿಟ್ಲ್ ಕೈಟ್ಸ್ ಎಂಬ ವಿದ್ಯಾರ್ಥಿ ಐಟಿ ಕ್ಲಬ್ಬುಗಳಿವೆ. ಮಂಜೇಶ್ವರ, ಕುಂಬಳೆ, ಬದಿಯಡ್ಕಗಳ ಮಕ್ಕಳು ತಮ್ಮ ಶಾಲೆಗೆ ಸಂಬಂಧಿಸಿದ ಕನ್ನಡ ಪುಟಗಳನ್ನು ಪರೀಕ್ಷಿಸಿ ವರದಿ ಬರೆದರೆ ಅದು ಅವರಿಗೆ ಕಲಿಕೆಯೂ ಹೌದು, ಸಮುದಾಯಕ್ಕೆ ಉಪಕಾರವೂ ಹೌದು.

ನಮ್ಮ ಮಟ್ಟಿಗೆ, ಹೊಸ ಬರಹವೊಂದು ಪ್ರಕಟವಾಗುವ ಮೊದಲು ಭಾಷೆಯ ನಮೂದನ್ನು ಪರಿಶೀಲಿಸುವ ಮೇಲಿನ ನಿಯಮವನ್ನು ಅಳವಡಿಸಿಕೊಂಡಿದ್ದೇವೆ. ಹಳೆಯ ಸುದ್ದಿಗಳೊಂದಿಗೆ ಹಾಕಿದ ಸ್ಕ್ಯಾನ್ ಪ್ರತಿಗಳ ಸಾರವನ್ನು ಬರಹವಾಗಿ ಸೇರಿಸುವ ಕೆಲಸ ಇನ್ನೂ ಮುಗಿದಿಲ್ಲ. ಅಷ್ಟರವರೆಗೆ ನಮ್ಮ ಯಾವುದೇ ಪುಟ ನಿಮ್ಮ ಮನೆಯ ಮಗುವಿಗೋ ಹಿರಿಯರಿಗೋ ಓದಲು ಒದಗದಿದ್ದರೆ ದಯವಿಟ್ಟು ತಿಳಿಸಿ. ಆ ತಾಯಿ ಕರೆ ಮಾಡದಿದ್ದರೆ ನಮ್ಮ ಪುಟ ಇಂದಿಗೂ ತೇರ್ಗಡೆಯಾದ ಸ್ಥಿತಿಯಲ್ಲಿಯೇ ಇರುತ್ತಿತ್ತು.